ಹರಿಗೋಲಿನ ಅಳತೆ

ಹುಣಸೂರಿಗೆ ಲಕ್ಷ್ಮಣತೀರ್ಥ, ಪಿರಿಯಾಪಟ್ಟಣ ಮತ್ತು ಕೆ.ಆರ್. ನಗರಕ್ಕೆ ಕಾವೇರಿ, ಎಚ್.ಡಿ. ಕೋಟೆಗೆ ಕಪಿಲೆ. ಸೇತುವೆಗಳಿಲ್ಲದ ಕಾಲದಲ್ಲಿ ಈ ಸೀಮೆಯ ಹೊಳೆಗಳಿಗೆ ಹೇಳಿ ಮಾಡಿಸಿದ್ದು ಹರಿಗೋಲು: ಬಿದಿರ ದಬ್ಬೆಯ ಬುಟ್ಟಿ, ಹೊರಗೆ ಚರ್ಮ. ಅದು ಹೇಗಿರಬೇಕು, ಎಷ್ಟು ಜನ ಹತ್ತಬಹುದು ಎಂಬ ಪ್ರಶ್ನೆ ಹಳೆಯದು. 1520ರ ಸುಮಾರಿಗೆ ವಿಜಯನಗರ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಇದರಲ್ಲಿ 15–20 ಜನ ಹಿಡಿಸುತ್ತಾರೆ, ಆದರೆ ನೆಟ್ಟಗೆ ಸಾಗದೆ ಸುತ್ತುತ್ತಲೇ ಇರುತ್ತದೆ ಎಂದು ಬರೆದಿದ್ದಾನೆ.

1803ರಲ್ಲಿ ಮರಾಠರ ಮೇಲೆ ಹೊರಟ ಆರ್ಥರ್ ವೆಲ್ಲೆಸ್ಲಿಗೆ ಅಂದಾಜು ಸಾಲದಾಯಿತು. ತುಂಬಿದ ಹೊಳೆಗಳನ್ನು ದಂಡು ದಾಟಬೇಕಿತ್ತು. ಹರಿಗೋಲಿನ ಅಳತೆ, ಚರ್ಮದ ಹೊದಿಕೆ ಹೇಗಿರಬೇಕೆಂದು ಸೂಚನೆಯನ್ನೇ ಬರೆದ. ಹಳ್ಳಿಯ ಕಡವಿನಲ್ಲಿ ಮಾತ್ರ ಅಂಬಿಗನ ಕಣ್ಣೇ ಅಳತೆಗೋಲು. ಅಂಚಿಗೂ ನೀರಿಗೂ ಎಷ್ಟು ಬೆರಳು ಉಳಿಯಿತು ಎಂಬುದೇ ಲೆಕ್ಕ. ನನಗೇನೋ ಇದು ಕಡಿಮೆ ವಿದ್ಯೆ ಅನ್ನಿಸುವುದಿಲ್ಲ.

ಆದರೆ ಆ ಕಣ್ಣು ಪಳಗಿದ್ದು ಹರಿವ ಹೊಳೆಯಲ್ಲಿ. ತಳ ಚಪ್ಪಟೆಯಾದ ಬುಟ್ಟಿ ಬಂಡೆಗೆ ತಾಗಿದರೂ ಜಾರಿಕೊಂಡು ಹೋಗುತ್ತದೆ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ಕೋಟೆಯ ಕಾಡು, ಊರುಗಳು ಮುಳುಗಿದ ಮೇಲೆ ನೀರು ನಿಂತಿತು, ಅಗಲವಾಯಿತು. ಬಯಲು ನೀರಿನಲ್ಲಿ ಗಾಳಿ ಎತ್ತ ತಳ್ಳಿದರೆ ಅತ್ತಲೇ ಬುಟ್ಟಿ. ಅಷ್ಟರಲ್ಲಿ ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದ್ದವು: ಅಗ್ಗ, ಹಗುರ. ನೀರಿನಡಿ ಮಾತ್ರ ಮುಳುಗಿದ ಕಾಡಿನ ಬೊಡ್ಡೆಗಳು ಇನ್ನೂ ನಿಂತೇ ಇವೆ.