ಗಡ್ಡೆಗೆ ರಕ್ತದ ದಾರಿ ತೋರುವ ಮಾಸ್ಟ್ ಕೋಶ

ಜೇನು ಕುಟುಕಿದ ಜಾಗ ಕ್ಷಣದಲ್ಲೇ ಕೆಂಪೇರಿ ಊದಿಕೊಳ್ಳುವುದಕ್ಕೆ ಮುಖ್ಯ ಕಾರಣ ಮಾಸ್ಟ್ ಕೋಶಗಳು. ಅಸ್ಥಿಮಜ್ಜೆಯಲ್ಲಿ ಹುಟ್ಟುವ ಇವು ಚರ್ಮ, ಬಾಯಿ, ಶ್ವಾಸಮಾರ್ಗ, ಕರುಳುಗಳ ಒಳಪದರದಲ್ಲಿ, ಹೆಚ್ಚಾಗಿ ರಕ್ತನಾಳಗಳ ಮಗ್ಗುಲಲ್ಲೇ ಬಲಿತು ನೆಲೆಸುತ್ತವೆ. ಅವುಗಳ ಒಡಲಿನ ಕಣಗಳಲ್ಲಿ ಹಿಸ್ಟಮಿನ್, ಹೆಪರಿನ್, ಟ್ರಿಪ್ಟೇಸ್ ಮೊದಲಾದ ರಾಸಾಯನಿಕಗಳಿರುತ್ತವೆ. 1878ರಲ್ಲಿ ಇವನ್ನು ಬಣ್ಣ ಹಾಕಿ ಗುರುತಿಸಿದ ಜರ್ಮನಿಯ ಪಾಲ್ ಎರ್ಲಿಕ್, ಹೆಚ್ಚು ಆಹಾರ ಸಿಕ್ಕು ಕೊಬ್ಬಿದ ಕೋಶಗಳೆಂದು ಭಾವಿಸಿ ಈ ಹೆಸರಿಟ್ಟರು. ಊಹೆ ಬಿದ್ದುಹೋಯಿತು, ಹೆಸರು ಮಾತ್ರ ಉಳಿಯಿತು.

ಹೊಸ ರಕ್ತನಾಳಗಳಿಲ್ಲದೆ ಕ್ಯಾನ್ಸರ್ ಗಡ್ಡೆ ಒಂದೆರಡು ಮಿಲಿಮೀಟರ್‌ಗಿಂತ ಹೆಚ್ಚು ಬೆಳೆಯಲಾರದು ಎಂಬ ವಾದವನ್ನು 1971ರಲ್ಲಿ ಅಮೆರಿಕದ ಶಸ್ತ್ರವೈದ್ಯ ಜುಡಾ ಫೋಕ್‌ಮನ್ ಮಂಡಿಸಿದರು. 1976ರಲ್ಲಿ ಅವರ ತಂಡವೇ ಕೋಳಿಭ್ರೂಣದ ಪ್ರಯೋಗದಲ್ಲಿ ಮತ್ತೊಂದು ಸಂಗತಿಯನ್ನು ಕಂಡಿತು: ಗಡ್ಡೆಯತ್ತ ಹೊಸ ಲೋಮನಾಳಗಳು ಚಾಚುವ ಮೊದಲೇ ಅಲ್ಲಿ ಮಾಸ್ಟ್ ಕೋಶಗಳು ನೆರೆದಿದ್ದವು. 1999ರಲ್ಲಿ ಪ್ರಕಟವಾದ ಇಲಿಗಳ ಚರ್ಮದ ಕ್ಯಾನ್ಸರ್ ಅಧ್ಯಯನದಲ್ಲಿ, ಮಾಸ್ಟ್ ಕೋಶಗಳೇ ಇಲ್ಲದ ಇಲಿಗಳಲ್ಲಿ ರಕ್ತನಾಳಗಳ ಆರಂಭಿಕ ಬೆಳವಣಿಗೆ ಕುಂಠಿತವಾಗಿತ್ತು.

ಗಡ್ಡೆಯ ಕೋಶಗಳು ಕಾಂಡಕೋಶ ಅಂಶವೆಂಬ ಪ್ರೋಟೀನನ್ನು ಸ್ರವಿಸುತ್ತವೆ. ಮಾಸ್ಟ್ ಕೋಶದ ಮೇಲ್ಮೈಯಲ್ಲಿರುವ 'ಕಿಟ್' ಗ್ರಾಹಕ ಈ ಕರೆಯನ್ನು ಹಿಡಿಯುತ್ತದೆ. ಹೀಗೆ ಬಂದ ಕೋಶಗಳು ರಕ್ತನಾಳ ಬೆಳೆಸುವ ವಿಇಜಿಎಫ್ ಪ್ರೋಟೀನನ್ನು ಬಿಡುಗಡೆ ಮಾಡುತ್ತವೆ; ಅವುಗಳ ಕಿಣ್ವಗಳು ಸುತ್ತಲಿನ ಅಂಗಾಂಶವನ್ನು ಸಡಿಲಿಸಿ ನಾಳಗಳು ನುಗ್ಗಲು ಎಡೆ ಮಾಡಿಕೊಡುತ್ತವೆ. ಗಾಯ ಮಾಯುವಾಗಲೂ ನೆರವಾಗುವ ವಿದ್ಯೆಯೇ ಇದು. ಗಡ್ಡೆ ಅದನ್ನು ತನ್ನ ಲಾಭಕ್ಕೆ ಬಳಸಿಕೊಳ್ಳುತ್ತದೆ.

ಆದರೂ ಮಾಸ್ಟ್ ಕೋಶವನ್ನು ಏಕಪಕ್ಷೀಯವಾಗಿ ಅಪರಾಧಿ ಎನ್ನಲಾಗದು. ಸ್ತನ ಕ್ಯಾನ್ಸರಿನ ಕೆಲವು ಅಧ್ಯಯನಗಳು ಅವುಗಳ ಹಾಜರಿಯನ್ನು ಶುಭಸೂಚನೆಯೆಂದು ಕಂಡಿವೆ. ತಂಬಾಕು ಅಗಿಯುವವರಲ್ಲಿ ಹೆಚ್ಚಾಗಿ ಕಾಣುವ ಬಾಯಿ ಕ್ಯಾನ್ಸರಿನಲ್ಲಿಯೂ ಫಲಿತಾಂಶಗಳು ಒಂದೇ ಬಗೆಯಲ್ಲಿಲ್ಲ: ಕೆಲವೆಡೆ ಕೋಶಗಳೂ ನಾಳಗಳೂ ಜೊತೆಯಾಗಿ ಹೆಚ್ಚಿವೆ, ಕೆಲವೆಡೆ ಕೋಶಗಳು ಕಡಿಮೆಯಾಗಿವೆ. ಹೀಗಾಗಿ ಬಯಾಪ್ಸಿ ವರದಿಯಲ್ಲಿ ಅವುಗಳ ಎಣಿಕೆ ಸಾಮಾನ್ಯವಾಗಿ ಇರುವುದಿಲ್ಲ. ಅಲರ್ಜಿ ಇದ್ದವರಿಗೆಲ್ಲ ಕ್ಯಾನ್ಸರ್ ಬರುತ್ತದೆಂಬ ಭಯಕ್ಕೂ ಇದರಲ್ಲಿ ಆಧಾರವಿಲ್ಲ.

ವಿಇಜಿಎಫ್ ಅನ್ನು ತಡೆಯುವ ಬೆವಾಸಿಝುಮ್ಯಾಬ್ ಔಷಧಕ್ಕೆ 2004ರಲ್ಲಿ ಅಮೆರಿಕದಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ಚಿಕಿತ್ಸೆಗೆ ಅನುಮತಿ ದೊರೆಯಿತು. ಮಾಸ್ಟ್ ಕೋಶವನ್ನೇ ಗುರಿಯಾಗಿಸಿ ಬಾಯಿಯ ಗಡ್ಡೆಯನ್ನು ತಡೆಯುವುದು ಮಾತ್ರ ಇನ್ನೂ ಸಂಶೋಧನೆಯ ಹಂತದಲ್ಲಿದೆ.

ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಆದರೆ ಅಡಿಕೆ ಮತ್ತು ತಂಬಾಕನ್ನು ಬೇರೆಬೇರೆಯಾಗಿ ಕೊಂಡು ಬೆರೆಸಿ ಅಗಿಯುವ ಅಭ್ಯಾಸ ನಿಂತಿಲ್ಲ. ಕೆಂಪು ಬಾಳೆಗೆ ಹೆಸರಾದ ಕಮಲಾಪುರದವರಿಗೆ ಹುಮನಾಬಾದ್ ರಸ್ತೆಯಲ್ಲಿ ಹತ್ತಿರದ ದೊಡ್ಡ ಊರು ಕಲಬುರಗಿ; ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಶಾಖೆ ಅಲ್ಲಿಯೇ ಇದೆ. ಎರಡು ವಾರವಾದರೂ ಮಾಯದ ಬಾಯಿಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಬಿಗಿತ ಕಂಡರೆ ನೋವಿಲ್ಲದಿದ್ದರೂ ವೈದ್ಯರಿಗೆ ತೋರಿಸಬೇಕು. ಆರಂಭದ ಬಾಯಿ ಕ್ಯಾನ್ಸರಿನಲ್ಲಿ ನೋವು ಇರಲೇಬೇಕೆಂದಿಲ್ಲ.