ಅಮರ ಕೋಶದ ನಂಬಿಕೆ ಬಿದ್ದ ಬಗೆ

ಮುಪ್ಪು ದೇಹಕ್ಕೇ ಹೊರತು ಜೀವಕೋಶಕ್ಕಲ್ಲ ಎಂಬ ನಂಬಿಕೆ ಜೀವವಿಜ್ಞಾನವನ್ನು ಸುಮಾರು ಅರ್ಧ ಶತಮಾನ ಆಳಿತು. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಅಲೆಕ್ಸಿಸ್ ಕ್ಯಾರೆಲ್ 1912ರಲ್ಲಿ ಕೋಳಿ ಭ್ರೂಣದ ಹೃದಯದಿಂದ ಬೆಳೆಸತೊಡಗಿದ ಕೋಶಗಳೇ ಅದಕ್ಕೆ ಬುನಾದಿ. ಅದೇ ವರ್ಷ ಅವರಿಗೆ ನೊಬೆಲ್ ಬಂತು. ಆ ಕೋಶಗಳು ಅವರು ತೀರಿಕೊಂಡ ಮೇಲೂ, 1946ರವರೆಗೆ, ಉಳಿದವು. ಬೇರೆಯವರು ಬೆಳೆಸಿದ ಕೋಶಗಳು ಸೊರಗಿದಾಗ ಅವರು ದೂರಿದ್ದು ತಮ್ಮ ಕೈಗುಣವನ್ನು, ಕ್ಯಾರೆಲ್ಲರ ತೀರ್ಮಾನವನ್ನಲ್ಲ. ವಿಜ್ಞಾನದಲ್ಲಿ ಹೆಸರಿನ ಭಾರ ಎಷ್ಟು ಹಾನಿ ಮಾಡಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

1961ರಲ್ಲಿ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಮಾನವ ಭ್ರೂಣದ ಕೋಶಗಳು ಸುಮಾರು ಐವತ್ತು ಬಾರಿ ಇಮ್ಮಡಿಯಾಗಿ ನಿಂತುಬಿಡುತ್ತವೆ ಎಂದು ಪ್ರಕಟಿಸಿದರು. ಪೋಷಕ ದ್ರವದ ದೋಷವಿರಬಹುದಲ್ಲ ಎಂಬ ಆಕ್ಷೇಪಕ್ಕೆ ಅವರ ಉತ್ತರ ಸೊಗಸಾಗಿತ್ತು: ಹಲವು ಬಾರಿ ವಿಭಜಿಸಿ ಹಳತಾದ ಗಂಡು ಕೋಶಗಳನ್ನೂ ಹೊಸ ಹೆಣ್ಣು ಕೋಶಗಳನ್ನೂ ಒಂದೇ ಸೀಸೆಯಲ್ಲಿ ಬೆಳೆಸಿದರು. ಕೊನೆಗೆ ಉಳಿದದ್ದು ಹೆಣ್ಣು ಕೋಶಗಳು ಮಾತ್ರ. ದೋಷ ದ್ರವದ್ದಾಗಿದ್ದರೆ ಎರಡೂ ಒಟ್ಟಿಗೆ ನಿಲ್ಲಬೇಕಿತ್ತು. ಹಾಗಾದರೆ ಲೆಕ್ಕ ಇಡುವುದು ಕೋಶವೇ. ಪ್ರತಿ ವಿಭಜನೆಯಲ್ಲೂ ವರ್ಣತಂತುವಿನ ತುದಿಯ ಟೆಲೊಮಿಯರ್ ಸವೆಯುವುದೇ ಆ ಲೆಕ್ಕವೆಂಬುದು ಮುಂದಿನ ದಶಕಗಳಲ್ಲಿ ಗೊತ್ತಾಯಿತು.

ಈ ಮಿತಿ ದೇಹದ ಕುಂದಲ್ಲ, ಕಾವಲು ಎಂಬುದು ನನ್ನ ವಾದ. ಬಹುತೇಕ ಕ್ಯಾನ್ಸರ್ ಕೋಶಗಳು ಟೆಲೊಮರೇಸ್ ಕಿಣ್ವದಿಂದ ಆ ತುದಿಯನ್ನು ಮತ್ತೆ ಕಟ್ಟಿಕೊಂಡು ಮಿತಿಯನ್ನು ದಾಟುತ್ತವೆ. ರಾಸ್ ಎಂಬ ಕ್ಯಾನ್ಸರ್‌ಕಾರಕ ಜೀನ್ ತುರುಕಿದರೆ ಸಹಜ ಕೋಶ ಹುಚ್ಚೆದ್ದು ಬೆಳೆಯುವ ಬದಲು ವಿಭಜನೆಯನ್ನೇ ನಿಲ್ಲಿಸುತ್ತದೆಂದು 1997ರ ಪ್ರಯೋಗ ತೋರಿಸಿತು. ಕಾವಲೇ ಆದರೆ ಮುಪ್ಪೇಕೆ, ಎಂದು ಕೇಳುವುದು ನ್ಯಾಯವೇ. ನಿಂತ ಕೋಶ ಸಾಯುವುದಿಲ್ಲ. ಉರಿಯೂತ ಹುಟ್ಟಿಸುವ ರಸಗಳನ್ನು ಸುರಿಸುತ್ತಾ ಉಳಿಯುತ್ತದೆ, ಕೆಲವೊಮ್ಮೆ ಪಕ್ಕದ ಗಡ್ಡೆಗೂ ಇಂಬು ಕೊಡುತ್ತದೆ. ಎಳೆಯ ವಯಸ್ಸಿನಲ್ಲಿ ಕಾಯುವ ಗುಣ ಇಳಿವಯಸ್ಸಿನಲ್ಲಿ ಕಾಡಿದರೂ ನಿಸರ್ಗದ ಆಯ್ಕೆ ಅದನ್ನು ಅಷ್ಟಾಗಿ ತಡೆಯದು, ಏಕೆಂದರೆ ಅಷ್ಟರಲ್ಲಿ ಮಕ್ಕಳು ಹುಟ್ಟಿರುತ್ತಾರೆ. 2011ರಲ್ಲಿ ಮೇಯೊ ಕ್ಲಿನಿಕ್‌ನ ಸಂಶೋಧಕರು ಬೇಗ ಮುದಿಯಾಗುವ ಇಲಿಗಳಿಂದ ಇಂಥ ಕೋಶಗಳನ್ನು ತೆಗೆದಾಗ ಮುಪ್ಪಿನ ಕೆಲವು ತೊಂದರೆಗಳು ತಡವಾದವು. ಆದರೆ ಗಾಯ ಮಾಯಲೂ ಇವೇ ಕೋಶಗಳು ನೆರವಾಗುತ್ತವೆ. ಆದ್ದರಿಂದ ಇವನ್ನು ತೊಳೆದುಹಾಕಿ ಯೌವನ ತರುತ್ತೇವೆಂದು ಮಾರುವ ಮಾತ್ರೆಗಳನ್ನು ದಯವಿಟ್ಟು ನಂಬಿ ನುಂಗಬೇಡಿ.