ಬೆಸುಗೆಯ ಬಾಗು ಪರೀಕ್ಷೆ

ಪರೀಕ್ಷೆಯ ಸ್ವರೂಪ

ಬೆಸುಗೆ ಹಾಕಿ ಕೂಡಿಸಿದ ಲೋಹದಿಂದ ಒಂದು ಪಟ್ಟಿಯನ್ನು ಕತ್ತರಿಸಿ, ಅದನ್ನು ಇಂಗ್ಲಿಷಿನ ಯು ಅಕ್ಷರದ ಆಕಾರಕ್ಕೆ ಬಾಗಿಸಿ, ಹೊರಮೈ ಬಿರಿಯಿತೇ ಇಲ್ಲವೇ ಎಂದು ನೋಡುವ ವಿಧಾನವೇ ಬಾಗು ಪರೀಕ್ಷೆ. ಕಾರ್ಖಾನೆಗಳಲ್ಲಿಯೂ ಐಟಿಐಗಳಲ್ಲಿಯೂ ಇದು ಬೆಂಡ್ ಟೆಸ್ಟ್ ಎಂದೇ ಪರಿಚಿತ. ಪರೀಕ್ಷೆಗೆ ಒಳಗಾದ ಪಟ್ಟಿ ಮತ್ತೆ ಬಳಕೆಗೆ ಬಾರದ ಕಾರಣ ಇದು ವಿನಾಶಕ ಪರೀಕ್ಷೆಗಳ ಗುಂಪಿಗೆ ಸೇರುತ್ತದೆ. ಹಾಗಾಗಿ ಸೇತುವೆಗೋ ಬಾಯ್ಲರಿಗೋ ಹಾಕಿದ ಬೆಸುಗೆಯನ್ನು ಸಾಮಾನ್ಯವಾಗಿ ಯಾರೂ ಬಾಗಿಸಿ ನೋಡುವುದಿಲ್ಲ. ಅದೇ ಬಗೆಯ ಲೋಹ ಹಾಗೂ ಎಲೆಕ್ಟ್ರೋಡ್ ಬಳಸಿ, ಅದೇ ಕ್ರಮದಲ್ಲಿ ಬೇರೊಂದು ಪ್ಲೇಟಿನ ಮೇಲೆ ಬೆಸೆದ ಮಾದರಿಯನ್ನು ಬಾಗಿಸುತ್ತಾರೆ.

ಬೆಸುಗೆಯನ್ನು ಎಳೆದು ತುಂಡರಿಸುವ ಪರೀಕ್ಷೆ ಅದರ ಬಲವನ್ನು ತಿಳಿಸುತ್ತದೆ. ಬಾಗು ಪರೀಕ್ಷೆ ಕೇಳುವ ಪ್ರಶ್ನೆಗಳು ಬೇರೆ. ಕೂಡಿಕೆಗೆ ಮುರಿಯದೆ ಹಿಗ್ಗುವ ಗುಣ, ಅಂದರೆ ತನ್ಯತೆ, ಸಾಕಷ್ಟಿದೆಯೇ? ಅದರೊಳಗೆ ಕಣ್ಣಿಗೆ ಕಾಣದ ದೋಷಗಳು ಅಡಗಿವೆಯೇ? ಗಟ್ಟಿಯಾದ ಬೆಸುಗೆಯೆಲ್ಲ ತನ್ಯವಾಗಿರಬೇಕೆಂದಿಲ್ಲ. ಅತಿ ಗಡಸಾದ ಲೋಹವು ಹಲವು ಸಲ ಮುನ್ಸೂಚನೆಯನ್ನೇ ಕೊಡದೆ ಮುರಿಯುತ್ತದೆ.

ಬೆಸುಗೆಯೊಳಗೆ ಅಡಗುವ ದೋಷಗಳು

ಬೆಸುಗೆಯ ಕೂಡಿಕೆಯಲ್ಲಿ ಮೂರು ಭಾಗಗಳಿರುತ್ತವೆ: ಕರಗಿ ಹೆಪ್ಪುಗಟ್ಟಿದ ಬೆಸುಗೆ ಲೋಹ, ಶಾಖ ತಾಗದ ಮೂಲ ಲೋಹ, ಮತ್ತು ಇವೆರಡರ ನಡುವೆ ಕರಗದಿದ್ದರೂ ಶಾಖದಿಂದ ಒಳರಚನೆ ಬದಲಾದ ಕಿರಿದಾದ ವಲಯ. ಇಂಗಾಲದ ಪ್ರಮಾಣ ಹೆಚ್ಚಿರುವ ಉಕ್ಕು ಬೆಸುಗೆಯ ನಂತರ ಬೇಗನೆ ತಣಿದರೆ ಈ ನಡುವಲಯ ಗಡಸಾಗಿ ಪೆಡಸಾಗುತ್ತದೆ. ಎಲೆಕ್ಟ್ರೋಡಿನ ಲೇಪನ ತೇವ ಹೀರಿದ್ದರೆ ಅದರಿಂದ ಹೊರಟ ಹೈಡ್ರೋಜನ್ ಉಕ್ಕಿನೊಳಗೆ ಸೇರಿ, ಬೆಸೆದು ಎಷ್ಟೋ ಗಂಟೆಗಳಾದ ಮೇಲೂ ಬಿರುಕು ಹುಟ್ಟಿಸಬಲ್ಲದು. ಸ್ಲ್ಯಾಗ್ ಅಂದರೆ ಕಿಟ್ಟ ಸಿಕ್ಕಿಹಾಕಿಕೊಳ್ಳುವುದು, ಅನಿಲದ ಗುಳ್ಳೆಗಳು ಉಳಿಯುವುದು, ಬೆಸುಗೆ ಬುಡದವರೆಗೆ ಇಳಿಯದಿರುವುದು ಇತರ ಸಾಮಾನ್ಯ ದೋಷಗಳು.

ಇವೆಲ್ಲಕ್ಕಿಂತ ಕಪಟವಾದದ್ದು ಬೆಸೆಯದ ಭಾಗ. ಕರಗಿದ ಲೋಹ ಪ್ಲೇಟಿನ ಅಂಚಿನ ಮೇಲೆ ಹರಿದು ಕೂತಿರುತ್ತದೆ, ಆದರೆ ಅಂಚು ತಾನು ಕರಗಿರುವುದಿಲ್ಲ. ಹೊರನೋಟಕ್ಕೆ ಬೆಸುಗೆ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಎಕ್ಸ್-ರೇ ಚಿತ್ರದಲ್ಲಿಯೂ ಇದು ತಪ್ಪಿಸಿಕೊಳ್ಳಬಹುದು. ಗಾಳಿಗುಳ್ಳೆ ಇದ್ದಲ್ಲಿ ಲೋಹದ ದಪ್ಪ ಕಡಿಮೆಯಾಗಿ ಫಿಲ್ಮಿನ ಮೇಲೆ ಕಪ್ಪು ಚುಕ್ಕೆ ಮೂಡುತ್ತದೆ. ಬೆಸೆಯದ ಭಾಗವೋ ಕಾಗದದಷ್ಟೂ ಎಡೆಯಿಲ್ಲದ ಒಂದು ಸಂದು, ಕಿರಣಗಳಿಗೆ ಅದು ಓರೆಯಾಗಿದ್ದರೆ ಚಿತ್ರದಲ್ಲಿ ಗುರುತೇ ಬೀಳದಿರಬಹುದು. ಪಟ್ಟಿಯನ್ನು ಬಾಗಿಸಿದಾಗ ಮಾತ್ರ ಇಂಥ ಸಂದು ಬಾಯ್ತೆರೆಯುತ್ತದೆ. ಇಷ್ಟು ಸರಳವಾದ ಪರೀಕ್ಷೆ ಇಂದಿಗೂ ಉಳಿದುಕೊಂಡಿರುವುದಕ್ಕೆ ಇದೇ ಬಲವಾದ ಕಾರಣ ಎನ್ನಬೇಕು.

ಪಟ್ಟಿಯ ಸಿದ್ಧತೆ

ಬೆಸುಗೆಯ ಮುಖ ಹೊರಬಾಗಿನ ಕಡೆಗಿದ್ದರೆ ಅದು ಫೇಸ್ ಬೆಂಡ್, ಬುಡ ಹೊರಗಿದ್ದರೆ ರೂಟ್ ಬೆಂಡ್. ಪ್ಲೇಟಿನ ದಪ್ಪ 19 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿದ್ದಾಗ ಸೈಡ್ ಬೆಂಡ್ ಮಾಡುವುದು ರೂಢಿ. ಇದಕ್ಕಾಗಿ ಕೂಡಿಕೆಯ ಅಡ್ಡಕ್ಕೆ 10 ಮಿ.ಮೀ. ದಪ್ಪದ ಹೋಳು ತೆಗೆದು ಪಕ್ಕಕ್ಕೆ ಬಾಗಿಸುತ್ತಾರೆ. ಬುಡದ ಮೊದಲ ಪದರದಿಂದ ಮೇಲಿನ ಕೊನೆಯ ಪದರದವರೆಗಿನ ಎಲ್ಲ ಲೋಹವೂ ಒಂದೇ ಸಲಕ್ಕೆ ಎಳೆತಕ್ಕೆ ಸಿಗುತ್ತದೆ.

ಸಿದ್ಧತೆಯಲ್ಲಿ ಅಜಾಗರೂಕತೆಯಾದರೆ ಒಳ್ಳೆಯ ಬೆಸುಗೆಯೂ ಸೋಲಬಹುದು. ಮೇಲೆ ಉಬ್ಬಿದ ಬೆಸುಗೆಯನ್ನು ಪ್ಲೇಟಿನ ಮಟ್ಟಕ್ಕೆ ಉಜ್ಜಿ ತೆಗೆಯಬೇಕು; ಇಲ್ಲದಿದ್ದರೆ ಉಬ್ಬಿನ ಅಂಚಿನಲ್ಲಿ ಎಳೆತ ಒಟ್ಟಾಗುತ್ತದೆ. ಗ್ರೈಂಡಿಂಗ್ ಗೀರುಗಳು ಪಟ್ಟಿಯ ಉದ್ದಕ್ಕೆ ಇರಬೇಕೇ ಹೊರತು ಅಡ್ಡಕ್ಕಲ್ಲ, ಏಕೆಂದರೆ ಅಡ್ಡಗೀರು ಬಿರುಕಿಗೆ ದಾರಿ ಮಾಡಿಕೊಡುತ್ತದೆ. ಗ್ಯಾಸ್‌ನಿಂದ ಕತ್ತರಿಸಿದ ಅಂಚಿನ ಗಡಸು ಪದರವನ್ನು ತೆಗೆದು, ಮೂಲೆಗಳನ್ನು ಸ್ವಲ್ಪ ದುಂಡಾಗಿಸುತ್ತಾರೆ.

ಬಾಗಿಸುವ ಕ್ರಮ

ಪಟ್ಟಿಯನ್ನು ಎರಡು ರೋಲರುಗಳ ಮೇಲೆ, ಬೆಸುಗೆ ಸರಿಯಾಗಿ ನಡುವೆ ಬರುವಂತೆ ಇಡುತ್ತಾರೆ. ಮೇಲಿನಿಂದ ದುಂಡು ತುದಿಯ ಪ್ಲಂಜರ್ ಒಂದನ್ನು ಹೈಡ್ರಾಲಿಕ್ ಪ್ರೆಸ್ ನಿಧಾನವಾಗಿ ಕೆಳಕ್ಕೆ ಒತ್ತುತ್ತದೆ. ಪಟ್ಟಿ ಪ್ಲಂಜರಿನ ಸುತ್ತ ಬಾಗುತ್ತ ರೋಲರುಗಳ ನಡುವಿನಿಂದ ಕೆಳಗಿಳಿದು, 180 ಡಿಗ್ರಿ ತಿರುಗಿ ಯು ಆಕಾರ ಪಡೆಯುತ್ತದೆ. ಕೆಲವೇ ನಿಮಿಷಗಳ ಕೆಲಸ.

ಎಷ್ಟು ಬಲ ಬೇಕಾಯಿತು ಎಂಬುದನ್ನು ಇಲ್ಲಿ ಯಾರೂ ಬರೆದಿಡುವುದಿಲ್ಲ. ಈ ಪರೀಕ್ಷೆಯ ಅಳತೆಗೋಲು ಬಲವಲ್ಲ, ರೇಖಾಗಣಿತ. 10 ಮಿ.ಮೀ. ದಪ್ಪದ ಮೃದು ಉಕ್ಕಿನ ಪಟ್ಟಿಗೆ ಅದರ ನಾಲ್ಕು ಪಟ್ಟು, ಅಂದರೆ 40 ಮಿ.ಮೀ. ವ್ಯಾಸದ ಪ್ಲಂಜರ್ ಬಳಸುತ್ತಾರೆ. ಬಾಗಿದ ಪಟ್ಟಿಯ ಹೊರಮೈಯ ವ್ಯಾಸ 60 ಮಿ.ಮೀ.; ಹಿಗ್ಗದೆ ಕುಗ್ಗದೆ ಉಳಿಯುವ ನಡುಪದರದ ವ್ಯಾಸ ಸುಮಾರು 50 ಮಿ.ಮೀ. ಐವತ್ತಕ್ಕೆ ಅರವತ್ತು ಎಂದರೆ ಹೊರಮೈ ಶೇ. 20ರಷ್ಟು ಹಿಗ್ಗಿದೆ ಎಂದರ್ಥ. ಪ್ರೆಸ್ ಹಳೆಯದೇ ಇರಲಿ, ಕೈಯಿಂದ ಪಂಪು ಹೊಡೆಯುವ ಜ್ಯಾಕ್ ಇರಲಿ, ಪ್ಲಂಜರಿನ ಅಳತೆ ಸರಿಯಿದ್ದರೆ ಈ ಹಿಗ್ಗು ಬದಲಾಗದು. ಭಾರತದಲ್ಲಿ ಕಟ್ಟಡಗಳಿಗೂ ಸೇತುವೆಗಳಿಗೂ ಹೆಚ್ಚಾಗಿ ಬಳಸುವ ಐಎಸ್ 2062ರ ಇ250 ದರ್ಜೆಯ ಉಕ್ಕು ಎಳೆತದಲ್ಲಿ ಕನಿಷ್ಠ ಶೇ. 23ರಷ್ಟು ಹಿಗ್ಗಬೇಕೆಂಬ ನಿಯಮವಿದೆ. ಆದ್ದರಿಂದ ಶೇ. 20 ಎಂಬುದು ಅತಿಯಾದ ನಿರೀಕ್ಷೆಯೇನಲ್ಲ.

ಎಲ್ಲ ಲೋಹಗಳಿಗೂ ಇದೇ ಅಳತೆ ಹೊಂದುವುದಿಲ್ಲ. 6061 ಎಂಬ ಅಲ್ಯೂಮಿನಿಯಂ ಮಿಶ್ರಲೋಹವು ಬೆಸುಗೆಯ ಶಾಖಕ್ಕೆ ಅಕ್ಕಪಕ್ಕದಲ್ಲಿ ಮೆತ್ತಗಾಗುತ್ತದೆ. ಬಾಗೆಲ್ಲ ಆ ಮೆತ್ತನೆಯ ಜಾಗದಲ್ಲಿಯೇ ಒಟ್ಟಾಗಿ ಪಟ್ಟಿ ಅಲ್ಲಿ ಮಡಚಿಕೊಳ್ಳುತ್ತದೆ. ಆದ್ದರಿಂದ ಅದರ ಪಟ್ಟಿಯನ್ನು ಸುಮಾರು 3 ಮಿ.ಮೀ.ಗೆ ತೆಳುವಾಗಿಸಿ, ದಪ್ಪದ ಹದಿನಾರೂವರೆ ಪಟ್ಟು ವ್ಯಾಸದ ಪ್ಲಂಜರಿಗೆ ಬಾಗಿಸುತ್ತಾರೆ. ಆಗ ಹೊರಮೈ ಹಿಗ್ಗುವುದು ಹೆಚ್ಚುಕಡಿಮೆ ಶೇ. 6 ಮಾತ್ರ. ಬಲದಲ್ಲಿ ತೀರ ಭಿನ್ನವಾದ ಎರಡು ಲೋಹಗಳನ್ನು ಬೆಸೆದಾಗಲೂ ಇದೇ ತೊಡಕು: ದುರ್ಬಲ ಲೋಹ ಒಂದೇ ಬಾಗುತ್ತದೆ, ಬೆಸುಗೆ ಪರೀಕ್ಷೆಗೆ ಒಳಗಾಗುವುದೇ ಇಲ್ಲ. ಅಂಥಲ್ಲಿ ಬೆಸುಗೆ ಪಟ್ಟಿಯ ಉದ್ದಕ್ಕೆ ಸಾಗುವಂತೆ ಮಾದರಿ ಕತ್ತರಿಸಿದರೆ ಎಲ್ಲ ಭಾಗಗಳೂ ಒಟ್ಟಿಗೆ ಹಿಗ್ಗಲೇಬೇಕಾಗುತ್ತದೆ.

ಫಲಿತಾಂಶದ ನಿರ್ಣಯ

ಬಾಗಿದ ಹೊರಮೈಯನ್ನು ಕಣ್ಣಿನಿಂದಲೇ ಪರಿಶೀಲಿಸುತ್ತಾರೆ. ಬಾಯ್ಲರು ಹಾಗೂ ಒತ್ತಡದ ಪಾತ್ರೆಗಳಿಗೆ ಅನ್ವಯಿಸುವ ಅಮೆರಿಕದ ಎಎಸ್‌ಎಂಇ ಸಂಹಿತೆಯ ಒಂಬತ್ತನೆಯ ಭಾಗದ ಪ್ರಕಾರ, ಬೆಸುಗೆಯಲ್ಲಾಗಲಿ ಶಾಖ ತಾಗಿದ ವಲಯದಲ್ಲಾಗಲಿ ಯಾವ ದಿಕ್ಕಿನಲ್ಲಿ ಅಳೆದರೂ 3 ಮಿ.ಮೀ. ಮೀರಿದ ತೆರೆದ ಬಿರುಕು ಇರಕೂಡದು. ಅಮೆರಿಕನ್ ವೆಲ್ಡಿಂಗ್ ಸೊಸೈಟಿಯ ಡಿ1.1 ಸಂಹಿತೆ ಇನ್ನೊಂದು ಷರತ್ತು ಸೇರಿಸುತ್ತದೆ: 1ರಿಂದ 3 ಮಿ.ಮೀ. ನಡುವಿನ ಬಿರುಕುಗಳ ಒಟ್ಟು ಮೊತ್ತ 10 ಮಿ.ಮೀ. ದಾಟಬಾರದು.

ಪಟ್ಟಿಯ ಮೂಲೆಯಲ್ಲಿ ಕಾಣುವ ಬಿರುಕು ಮಾತ್ರ ವಿವೇಚನೆ ಬೇಡುತ್ತದೆ. ಮೂಲೆ ಬಿರಿಯುವುದು ಬಹುಮಟ್ಟಿಗೆ ಪಟ್ಟಿಯ ಆಕಾರದಿಂದಲೇ. ಅದಕ್ಕೆ ಬೆಸುಗೆ ಹೊಣೆಯಲ್ಲ. ಆದರೆ ಬಿರುಕಿನೊಳಗೆ ಸ್ಲ್ಯಾಗ್ ಅಥವಾ ಬೆಸೆಯದ ಭಾಗ ಕಂಡರೆ ರಿಯಾಯಿತಿ ಸಿಗದು.

ಪರೀಕ್ಷೆಯ ಮಿತಿ

ಬಾಗು ಪರೀಕ್ಷೆ ನಡೆಯುವುದು ಕೋಣೆಯ ತಾಪಮಾನದಲ್ಲಿ, ನಿಧಾನಗತಿಯಲ್ಲಿ. ಚಳಿಯಲ್ಲಿ, ಹಠಾತ್ ಹೊಡೆತಕ್ಕೆ ಅಥವಾ ಚೂಪಾದ ಕಚ್ಚಿನ ತುದಿಯಲ್ಲಿ ಲೋಹ ಹೇಗೆ ವರ್ತಿಸುತ್ತದೆ ಎಂಬುದನ್ನು ಅದು ಹೇಳಲಾರದು. 1943ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ಬಂದರಿನಲ್ಲಿ ಶಾಂತವಾದ ನೀರಿನ ಮೇಲೆ ನಿಂತಿದ್ದ ಸ್ಕೆನೆಕ್ಟಡಿ ಎಂಬ ಹೊಸ ತೈಲನೌಕೆ ಬಹುತೇಕ ಎರಡು ಹೋಳಾಯಿತು. ಯುದ್ಧಕಾಲದ ಬೆಸುಗೆ ಹಡಗುಗಳಲ್ಲಿ ಇಂಥ ಬಿರುಕುಗಳು ಮರುಕಳಿಸಿದಾಗ, ಕೇಂಬ್ರಿಜ್‌ನ ಲೋಹವಿಜ್ಞಾನಿ ಕಾನ್‌ಸ್ಟನ್ಸ್ ಟಿಪ್ಪರ್ ಮುಖ್ಯ ಕಾರಣ ಉಕ್ಕಿನಲ್ಲಿಯೇ ಇದೆ ಎಂದು ತೋರಿಸಿದರು: ಒಂದು ತಾಪಮಾನಕ್ಕಿಂತ ಕೆಳಗೆ ಆ ಉಕ್ಕು ತನ್ಯತೆ ಕಳೆದುಕೊಂಡು ಪೆಡಸಾಗುತ್ತಿತ್ತು. ಈ ಗುಣವನ್ನು ಅಳೆಯಲು ಕಚ್ಚು ಹಾಕಿದ ತುಂಡಿಗೆ ಲೋಲಕದಿಂದ ಹೊಡೆಯುವ ಚಾರ್ಪಿ ಪರೀಕ್ಷೆಯೇ ಬೇಕು.

ಬಳಕೆಯ ಕ್ಷೇತ್ರಗಳು

ಬೆಸುಗೆಯ ವಿಧಾನವನ್ನೂ ಬೆಸೆಯುವ ವ್ಯಕ್ತಿಯನ್ನೂ ಅರ್ಹಗೊಳಿಸುವಲ್ಲಿ ಬಾಗು ಪರೀಕ್ಷೆಯ ಮುಖ್ಯ ಬಳಕೆಯಿದೆ. ಭಾರತೀಯ ಬಾಯ್ಲರ್ ನಿಯಮಾವಳಿ, 1950ರಲ್ಲಿ ಬೆಸುಗೆಗಾರರ ಅರ್ಹತಾ ಪರೀಕ್ಷೆಗೆ ಪ್ರತ್ಯೇಕ ಅಧ್ಯಾಯವೇ ಇದೆ. ಮಂಡ್ಯ, ಬೆಳಗಾವಿ, ಬಾಗಲಕೋಟೆ ಸೀಮೆಯ ಸಕ್ಕರೆ ಕಾರ್ಖಾನೆಗಳ ಬಾಯ್ಲರುಗಳಲ್ಲಿ ಅಧಿಕ ಒತ್ತಡದ ಕೊಳವೆ ಬೆಸೆಯುವವರಿಗೂ ಅದರ ಪ್ರಮಾಣಪತ್ರ ಬೇಕು. ಎಎಸ್‌ಎಂಇ ಕ್ರಮದಲ್ಲಿ ಹೆಚ್ಚು ಕಠಿಣವೆನಿಸುವುದು 6ಜಿ ಪೊಸಿಷನ್: ಕೊಳವೆಯನ್ನು 45 ಡಿಗ್ರಿ ಓರೆಯಾಗಿ ಬಿಗಿದಿರುತ್ತಾರೆ, ಬೆಸುಗೆಗಾರನೇ ಅದರ ಸುತ್ತ ತಿರುಗಿ ಬೆಸೆಯಬೇಕು. ಬಳಿಕ ಅದರಿಂದ ನಾಲ್ಕು ಪಟ್ಟಿ ಕತ್ತರಿಸಿ ಎರಡನ್ನು ಮುಖ ಹೊರಗೆ ಬರುವಂತೆ, ಎರಡನ್ನು ಬುಡ ಹೊರಗೆ ಬರುವಂತೆ ಬಾಗಿಸುತ್ತಾರೆ. ವ್ಯಕ್ತಿಯ ಪರೀಕ್ಷೆಯಲ್ಲಿ ಬಾಗಿಸುವ ಬದಲು ಎಕ್ಸ್-ರೇ ತೆಗೆಯಲು ಈ ಸಂಹಿತೆ ಹಲವೆಡೆ ಒಪ್ಪುತ್ತದೆ. ಆದರೆ ಕಡಿಮೆ ಶಾಖದ, ಶಾರ್ಟ್ ಸರ್ಕ್ಯೂಟ್ ಬಗೆಯ ಮಿಗ್ ಬೆಸುಗೆಗೆ ಆ ಸೌಲಭ್ಯವಿಲ್ಲ. ಬೆಸೆಯದ ಭಾಗ ಉಳಿಯುವ ಅಪಾಯ ಹೆಚ್ಚಿರುವುದು ಅಲ್ಲಿಯೇ.

ರೈಲು ಹಳಿಗಳ ಥರ್ಮಿಟ್ ಬೆಸುಗೆಗೆ ಇದರ ದೊಡ್ಡ ರೂಪವೊಂದಿದೆ. ಭಾರತೀಯ ರೈಲ್ವೆಯಲ್ಲಿ ಬೆಸೆದ ಹಳಿಯ ತುಂಡನ್ನು 1 ಮೀಟರ್ ಅಂತರದ ಎರಡು ಆಧಾರಗಳ ಮೇಲಿಟ್ಟು, ಹಳಿಯ ತಳಭಾಗ ಎಳೆತಕ್ಕೆ ಸಿಗುವಂತೆ ನಡುವಿನ ಬೆಸುಗೆಯ ಮೇಲೆ ಭಾರ ಹೇರುತ್ತ ಹೋಗುತ್ತಾರೆ. ಹಳಿಯ ಉಕ್ಕು ಯು ಆಕಾರಕ್ಕೆ ಬಾಗುವ ಜಾತಿಯದಲ್ಲ. ಆದ್ದರಿಂದ ಇಲ್ಲಿ ಅದು ಮುರಿಯುವವರೆಗೆ ತಡೆದ ಭಾರವನ್ನೂ ಅಷ್ಟರಲ್ಲಿ ಬಗ್ಗಿದ ಪ್ರಮಾಣವನ್ನೂ ಬರೆದಿಟ್ಟು, ಮುರಿದ ಮುಖವನ್ನು ಗುಳ್ಳೆ ಹಾಗೂ ಕಿಟ್ಟಕ್ಕಾಗಿ ಪರಿಶೀಲಿಸುತ್ತಾರೆ.